ಗಾಳಿಗೆ ಮುಂದಿದ್ದ ಹುಡುಗ

ಜನವರಿಯಲ್ಲಿ ನಮ್ಮ ವಿಜಯಪುರದಲ್ಲಿ ಹೊತ್ತು ಹುಟ್ಟುವುದು ಹೆಚ್ಚೂಕಡಿಮೆ ಏಳಕ್ಕೆ. ಸೈಕಲ್ ಹೊಡೆಯುವ ಮಕ್ಕಳಿಗೆ ಶಾಲೆ, ಕಾಲೇಜು ಒಂಬತ್ತೂವರೆ, ಹತ್ತಕ್ಕೆ. ಅದಕ್ಕೂ ಮೊದಲು ಐವತ್ತು ಅರವತ್ತು ಕಿಲೋಮೀಟರ್ ತುಳಿದು, ಮನೆಗೆ ಬಂದು ಜಳಕ ಮಾಡಿ, ಎರಡು ರೊಟ್ಟಿ ತಿಂದು ಹೋಗಬೇಕು ಅಂದರೆ ಐದೂವರೆಗೆ ರಸ್ತೆಯಲ್ಲಿ ಇರಲೇಬೇಕು. ಕತ್ತಲಲ್ಲಿ ಮಕ್ಕಳನ್ನು ಯಾಕೆ ಕಳಿಸಿದಿರಿ ಅಂತ ಬಹಳ ಮಂದಿ ಕೇಳಿದ್ದಾರೆ. ಲೆಕ್ಕ ಇಷ್ಟೇ.

ಈ ಭಾಗದಲ್ಲಿ ಸೈಕಲ್ ಹುಚ್ಚು ಹಳೆಯದು. ಸಪಾಟು ನೆಲ, ನೆಟ್ಟಗಿನ ರಸ್ತೆ, ಮೈಲಿಗಟ್ಟಲೆ ಅಡ್ಡ ಬರದ ಬಯಲು. ಜಾತ್ರೆ ಬಂದರೆ ಗೇರ್ ಇಲ್ಲದ ಸೈಕಲ್‌ಗಳ ಶರ್ಯತ್ತು ಇರಲೇಬೇಕು. ಅದರಲ್ಲಿ ಗೆದ್ದ ಹುಡುಗರು ಕ್ರೀಡಾ ವಸತಿ ನಿಲಯ ಸೇರಿ, ರಾಷ್ಟ್ರ ಮಟ್ಟಕ್ಕೆ ಹೋಗಿ, ಕೊನೆಗೆ ರೈಲ್ವೆಯಲ್ಲಿ ಕ್ರೀಡಾ ಕೋಟಾದ ನೌಕರಿ ಹಿಡಿದದ್ದನ್ನು ನಾವೆಲ್ಲ ಕಂಡವರು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಅರ್ಧಕ್ಕರ್ಧ ತಂದೆ ತಾಯಿಗಳ ಕಣ್ಣು ಪದಕಕ್ಕಿಂತ ಆ ನೌಕರಿಯ ಮೇಲೇ. ಭೂತನಾಳದ ಕಡೆ ವೆಲೋಡ್ರೋಮ್, ಅಂದರೆ ಸೈಕಲ್ ಶರ್ಯತ್ತಿನ ಟ್ರ್ಯಾಕ್, ಅದರ ಕೆಲಸ ವರ್ಷಗಟ್ಟಲೆ ಎಳೆಯಿತು. ಅಷ್ಟೂ ಕಾಲ ನಮ್ಮ ಮಕ್ಕಳಿಗೆ ಟ್ರ್ಯಾಕ್ ಅಂದರೆ ಸೊಲ್ಲಾಪುರ ರಸ್ತೆ, ಸಿಂದಗಿ ರಸ್ತೆ, ಅಥಣಿ ರಸ್ತೆ.

ಅದೇ ರಸ್ತೆಗೆ ಅದೇ ಹೊತ್ತಿಗೆ ಕಬ್ಬೂ ಬರುತ್ತದೆ. ಅಕ್ಟೋಬರ್, ನವೆಂಬರ್‌ಗೆ ನುರಿಸುವ ಹಂಗಾಮು ಸುರುವಾದರೆ ಫೆಬ್ರುವರಿ, ಮಾರ್ಚ್ ತನಕ ಹಗಲೂ ರಾತ್ರಿ ಟ್ರ್ಯಾಕ್ಟರ್. ಹಿಂದೆ ಎರಡು ಟ್ರೇಲರ್, ಎರಡೂ ಬದಿಗೆ ಚಾಚಿಕೊಂಡ ಕಬ್ಬು, ಮುಂದೆ ಕಿವಿ ಹರಿಯುವಂಥ ಹಾಡು, ಹಿಂದೆ ಒಂದು ದೀಪವಿಲ್ಲ. ಟನ್ನಿನ ಲೆಕ್ಕದಲ್ಲಿ ಸಿಗುವ ದುಡ್ಡು. ಕಾರ್ಖಾನೆ ಅಂಗಳದಲ್ಲಿ ಪಾಳಿ ಹಚ್ಚಿ ಕಾಯುವುದರಲ್ಲೇ ಹೊತ್ತು ಹೋಗುತ್ತದೆ, ಹಾಗಾಗಿ ರಾತ್ರಿ ಬೆಳಗು ಅನ್ನದೆ ಓಡಿಸುತ್ತಾರೆ. ನಡುದಾರಿಯಲ್ಲಿ ಪಂಕ್ಚರ್ ಆದರೆ ಟ್ರೇಲರನ್ನು ಇದ್ದಲ್ಲೇ ಕಳಚಿ, ಹಿಂದೆ ನಾಲ್ಕು ಕಲ್ಲು ಇಟ್ಟು, ಗಾಲಿ ಮಾಡಿಸಿಕೊಂಡು ಬರಲು ಹೋಗಿಬಿಡುತ್ತಾರೆ.

2025ರ ಜನವರಿ, ಸಂಕ್ರಾಂತಿ ಸಮೀಪ, ಅಥಣಿ ರಸ್ತೆಯಲ್ಲಿ ಅಂಥದ್ದೊಂದು ಟ್ರೇಲರ್ ನಿಂತಿತ್ತು. ನಾಲ್ಕು ಮಕ್ಕಳು ಒಬ್ಬರ ಹಿಂದೊಬ್ಬರು ಸಾಲಾಗಿ ಬರುತ್ತಿದ್ದರು. ಮುಂದಿದ್ದವನು ಹದಿನೇಳರ ಹುಡುಗ. ಅವನ ಹೆಸರು ಬರೆಯುವುದಿಲ್ಲ, ಅವನ ಅವ್ವನಿಗೆ ಅದು ಬೇಡ. ನಾಲ್ಕನೆಯವಳು ನನ್ನ ಮಗಳು.

ಎರಡನೆಯ ಹುಡುಗನ ಕಾಲರ್ ಬೋನ್ ಮುರಿಯಿತು. ಮೂರನೆಯವನೂ ನನ್ನ ಮಗಳೂ ಹ್ಯಾಂಡಲ್ ತಿರುಗಿಸಿ ಬದಿಯ ಜೋಳದ ಹೊಲಕ್ಕೆ ಬಿದ್ದರು. ಹಿಂದಿನಿಂದ ಬಂದ ಹಾಲಿನ ಗಾಡಿಯವನು ಕ್ಯಾನುಗಳನ್ನು ರಸ್ತೆಗೆ ಇಳಿಸಿ, ಮುಂದಿದ್ದ ಆ ಹುಡುಗನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ದಾರಿಯಲ್ಲೇ ಜೀವ ಹೋಗಿತ್ತು. ಗಾಡಿಯವನು ಮಾತ್ರ ಮುಂದೆ ಎಷ್ಟೋ ದಿನ ಪೊಲೀಸರಿಗೆ ಅಂಜಿಕೊಂಡೇ ಇದ್ದ. ಅಪಘಾತದಲ್ಲಿ ಗಾಯಗೊಂಡವರನ್ನು ಎತ್ತಿಕೊಂಡು ಬಂದವರಿಗೆ ಕಿರುಕುಳ ಕೊಡುವಂತಿಲ್ಲ, ಹೆಸರು, ವಿಳಾಸ ಹೇಳು ಅಂತ ಒತ್ತಾಯ ಮಾಡುವಂತಿಲ್ಲ. ಕರ್ನಾಟಕದಲ್ಲಿ ಇದಕ್ಕಾಗಿಯೇ 2016ರ ಕಾಯ್ದೆ ಇದೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಇಷ್ಟು ವರ್ಷ ಊರಿನವರ ಅರ್ಜಿ ತುಂಬಿಕೊಟ್ಟ ನನಗೇ ಅದು ಗೊತ್ತಾದದ್ದು ಆಮೇಲೆ. ಹಾಲಿನವನಿಗೆ ಯಾರು ಹೇಳಿದ್ದರು?

ಆಸ್ಪತ್ರೆಯಲ್ಲಿ ಸಾವಿನ ಮುಂದೆ ಮೊದಲು ಬರುವುದು ಕಾಗದ. ಪಂಚನಾಮೆಗೆ ಸಹಿ ಹಾಕಲು ಸಾಕ್ಷಿ ಬೇಕು. ಹುಡುಗನ ಆಧಾರ್ ಕಾರ್ಡಿನ ಝೆರಾಕ್ಸ್ ಬೇಕು, ಅಪ್ಪನದೂ ಬೇಕು. ಹುಡುಗನ ಅಪ್ಪ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ. ಔಷಧಿ ಹೊಡೆಯುವ ಬಟ್ಟೆಯಲ್ಲೇ ಬಂದಿದ್ದರು, ಕೈಗೆಲ್ಲ ನೀಲಿ ಬಣ್ಣ. ಆಧಾರ್ ಕೇಳಿದಾಗ ಶರ್ಟಿನ ಕಿಸೆ ಮುಟ್ಟಿ ನೋಡಿದರು, ಆಮೇಲೆ ಮೊಬೈಲ್ ತೆಗೆದು ಗ್ಯಾಲರಿ ತೆರೆದರು. ಅದರ ತುಂಬ ಹುಡುಗನ ಸೈಕಲ್ ಫೋಟೋಗಳೇ. ಆಧಾರ್ ಫೋಟೋ ಹುಡುಕುತ್ತ ಒಂದೊಂದೇ ಸರಿಸಿದರು, ಸರಿಸಿದರು. ಅಲ್ಲಿ ನಿಂತಿದ್ದ ಪೇದೆಯೇ ಕೊನೆಗೆ "ಇರಲಿ ಬಿಡ್ರಿ ಯಜಮಾನ್ರ, ಮಧ್ಯಾಹ್ನ ಕೊಡ್ರಿ" ಅಂದ.

ಅದೇ ಆಸ್ಪತ್ರೆಯ ಇನ್ನೊಂದು ತುದಿಯಲ್ಲಿ ನನ್ನ ಮಗಳ ಮೊಣಕಾಲಿಗೆ ಹೊಲಿಗೆ ಹಾಕುತ್ತಿದ್ದರು. ಬಂದವರೆಲ್ಲ ನನ್ನ ಹೆಗಲ ಮೇಲೆ ಕೈ ಇಟ್ಟು ಒಂದೇ ಮಾತು ಹೇಳಿದರು: "ದೇವ್ರು ದೊಡ್ಡಾವ ಅಕ್ಕಾರ, ನಿಮ್ಮ ಹುಡುಗಿ ಉಳೀತು." ಮುಂದೆ ವಾರಗಟ್ಟಲೆ ಇದನ್ನೇ ಕೇಳಿದೆ, ಕೌಂಟರಿನಲ್ಲಿ ಆರ್.ಡಿ. ಕಟ್ಟಲು ಬಂದವರ ಬಾಯಲ್ಲೂ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ನನಗೂ ಒಳಗೆ ಅದೇ ಇತ್ತು, ಇಲ್ಲ ಅನ್ನುವುದು ಸುಳ್ಳು. ಆದರೆ ಆ ಮಾತನ್ನು ಉದ್ದಕ್ಕೆ ಎಳೆದರೆ ಆ ದೊಡ್ಡ ದೇವರು ವರಾಂಡದ ಇನ್ನೊಂದು ತುದಿಯಲ್ಲಿ ಏನು ಮಾಡುತ್ತಿದ್ದ ಅಂತ ಕೇಳಬೇಕಾಗುತ್ತದೆ. ಯಾರೂ ಅಷ್ಟು ದೂರ ಎಳೆಯಲಿಲ್ಲ.

ಮಣ್ಣಿಗೆ ನಾವೆಲ್ಲ ಹೋದೆವು. ಸೈಕಲ್ ಮಕ್ಕಳನ್ನು ಕರಕೊಂಡು ಹೋಗಬೇಕೋ ಬೇಡವೋ ಅಂತ ಪಾಲಕರ ಗುಂಪಿನಲ್ಲಿ ಎರಡು ಪಂಗಡ. ಮಕ್ಕಳು ನಮ್ಮನ್ನು ಕೇಳಲೇ ಇಲ್ಲ. ತಂಡದ ಜರ್ಸಿ ಹಾಕಿಕೊಂಡು, ಯಾರದೋ ಟಂಟಂ ಹತ್ತಿ ನಮಗಿಂತ ಮೊದಲೇ ಹಳ್ಳಿ ಮುಟ್ಟಿದ್ದರು. ಭಜನೆಯವರು ತಾಳ ಬಡಿಯುತ್ತಿದ್ದರು, ಅಂಗಳದಲ್ಲಿ ಹೆಣ ಒಯ್ಯುವ ವಿಮಾನ ಕಟ್ಟುತ್ತಿದ್ದರು. ಹುಡುಗನ ಆಯಿ, ಅಂದರೆ ಅಜ್ಜಿ, ಹಾಡಿಕೊಂಡು ಅಳುತ್ತಿದ್ದರು. ನಮ್ಮ ಕಡೆಯ ಹಿರೇ ಹೆಂಗಸರು ಅಳುವುದು ಹಾಗೇ, ಸತ್ತವರ ಒಂದೊಂದು ನಡತೆ ಎತ್ತಿ ಆಡಿ, ರಾಗದಲ್ಲಿ. ಆ ಆಯಿಯ ಅಳುವಿನಲ್ಲಿ ಪುರಾಣದ ರಾಜಕುಮಾರ ಯಾರೂ ಬರಲಿಲ್ಲ. ರಾತ್ರಿ ನೆನೆ ಹಾಕಿದ ಶೇಂಗಾ ಬಂತು. ಬೆಲ್ಲ, ನಿಂಬೆಹಣ್ಣು ಹಾಕಿ ತುಂಬಿಕೊಡುತ್ತಿದ್ದ ಬಾಟಲಿ ಬಂತು. "ಹಾಲ ಕುಡದ ಹೋಗೋ ಅಂದ್ರ, ಹೊತ್ತಾತ ಆಯಿ ಅಂದಿ, ನನ ಕೂಸ, ಎಲ್ಲಿಗಿ ಹೊತ್ತಾಗಿತ್ತೋ." ನನ್ನ ಮಗಳು ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಶೇಂಗಾದ ಮಾತು ಬಂದಾಗ ಕುಸಿದು ಕೂತಳು. ಆ ಶೇಂಗಾ ಅವನೊಬ್ಬನೇ ತಿಂದದ್ದಲ್ಲ, ದಿನಾ ತಂಡಕ್ಕೆಲ್ಲ ಹಂಚುತ್ತಿದ್ದನಂತೆ. ಅದು ನನಗೆ ಗೊತ್ತಾದದ್ದು ಅಂದೇ.

ದ್ರಾಕ್ಷಿ ತೋಟದ ಬದುವಿನ ಹತ್ತಿರ ಮಣ್ಣು ಮಾಡಿದರು. ಹಾಲಿನ ಗಾಡಿಯವನು ಬಂದಿದ್ದ. ಎಲ್ಲರಿಗಿಂತ ಹಿಂದೆ, ಬೇವಿನ ಗಿಡದ ಹತ್ತಿರ ನಿಂತು ಹಾಗೇ ಹೋದ.

ಊರು ಅತ್ತದ್ದನ್ನೂ ಹೇಳಬೇಕು. ಮರುದಿನ ಸಂಜೆ ಗಾಂಧಿ ಚೌಕದಿಂದ ಅಂಬೇಡ್ಕರ್ ಚೌಕದವರೆಗೆ ಮೇಣದಬತ್ತಿ ಹಿಡಿದು ನಡೆದರು. ಹುಡುಗನನ್ನು ಒಮ್ಮೆಯೂ ನೋಡದವರು ನೂರಾರು ಮಂದಿ ಬಂದಿದ್ದರು, ಅದಕ್ಕೆ ನಾನು ಋಣಿ. ಅದರ ಮರುದಿನ ಫ್ಲೆಕ್ಸ್‌ಗಳು ಎದ್ದವು. "ಮತ್ತೆ ಹುಟ್ಟಿ ಬಾ", "ಭಾವಪೂರ್ಣ ಶ್ರದ್ಧಾಂಜಲಿ". ಒಂದು ಫ್ಲೆಕ್ಸ್‌ನಲ್ಲಿ ಶ್ರದ್ಧಾಂಜಲಿ ಕೋರುವವರ ಫೋಟೋಗಳು ಹುಡುಗನ ಫೋಟೋಕ್ಕಿಂತ ದೊಡ್ಡವಿದ್ದವು, ಕಪ್ಪು ಕನ್ನಡಕ ಸಮೇತ. ಅಷ್ಟರಲ್ಲಿ ಸಿದ್ಧೇಶ್ವರ ಜಾತ್ರೆ ಬಂತು. ನಂದಿಧ್ವಜದ ಮೆರವಣಿಗೆ, ತೊರವಿಯಲ್ಲಿ ದನಗಳ ಜಾತ್ರೆ, ರಾತ್ರಿ ಮದ್ದು ಸುಡುವುದು, ಎಲ್ಲ ಎಂದಿನಂತೆ. ಜಾತ್ರೆ ನಿಲ್ಲಬೇಕಿತ್ತು ಅಂತ ನಾನು ಅನ್ನುವುದಿಲ್ಲ, ಜಾತ್ರೆ ಯಾರದೋ ಒಬ್ಬರ ಮನೆಯದಲ್ಲ. ಆದರೆ ಸಂಕ್ರಾಂತಿಗೆ ಎಳ್ಳು ಬೆಲ್ಲ ಹಿಡಿದು ಬಂದ ಓಣಿಯ ಮಕ್ಕಳಿಗೆ ನನ್ನ ಮಗಳು ಬಾಗಿಲು ತೆರೆಯಲಿಲ್ಲ. ಊರಿನ ದುಃಖ ಮುಗಿದದ್ದೂ ಇವಳದು ಸುರುವಾದದ್ದೂ ಹೆಚ್ಚೂಕಡಿಮೆ ಒಂದೇ ವಾರದಲ್ಲಿ.

ಈ ಊರಿಗೆ ಅಳುವುದು ಬರುವುದಿಲ್ಲ ಅಂತಲ್ಲ. 2023ರ ಜನವರಿ 2ರಂದು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಾರು ಲಿಂಗೈಕ್ಯರಾದಾಗ ಲಕ್ಷಗಟ್ಟಲೆ ಜನ ಬಂದರು. ಸೈನಿಕ ಶಾಲೆಯ ಮೈದಾನದ ಕಡೆ ಸಾಲು ಕಣ್ಣು ಮುಟ್ಟುವಷ್ಟು ಉದ್ದ ಇತ್ತು. ತಳ್ಳಾಟ ಇರಲಿಲ್ಲ, ಜೈಕಾರವೂ ಅಷ್ಟಿರಲಿಲ್ಲ. ಓಣಿ ಓಣಿಯವರು ರಸ್ತೆಗೆ ಬಂದು ನೀರು, ಊಟ ಕೊಟ್ಟರು. ನಮ್ಮ ಮನೆಯ ಮುಂದೆ ಕೂತು ಉಂಡು ಹೋದವರು ಎಲ್ಲಿಯವರೋ ಇಂದಿಗೂ ಗೊತ್ತಿಲ್ಲ. ಆಗ ಮಾಡಲು ಎಲ್ಲರಿಗೂ ಒಂದು ಕೆಲಸ ಇತ್ತು. ಇಲ್ಲಿ ಮೇಣದಬತ್ತಿ ಆರಿದ ಮೇಲೆ ಯಾರಿಗೂ ಕೆಲಸ ಇರಲಿಲ್ಲ. ನನಗೆ ಕಂಡ ವ್ಯತ್ಯಾಸ ಅದೇ.

ಮಾತಾಡಿಸಲು ಹೋಗುವುದು ಒಂದು ಕೆಲಸವೇ. ದುಃಖದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಆಜೂಬಾಜೂದವರು, ಬೀಗರು ಬುತ್ತಿ ತರುತ್ತಾರೆ. ನಾನೂ ರೊಟ್ಟಿ ಬಡಿದು, ಜುಣಕ ಕಟ್ಟಿಕೊಂಡು ಹೋದೆ. ದಾರಿಯಲ್ಲಿ ಬಸ್ಸಿನಲ್ಲಿ ಕೂತು ಏನು ಹೇಳಲಿ ಅಂತ ಯೋಚಿಸಿ ಯೋಚಿಸಿ ಸಾಕಾಗಿತ್ತು. ನನ್ನದು ಉಳಿಯಿತು, ನಿಮ್ಮದು ಹೋಯಿತು ಅನ್ನುವುದನ್ನು ನನ್ನ ಮುಖವೇ ಹೇಳುತ್ತದಲ್ಲ. ಹುಡುಗನ ಅವ್ವ ಪಡಸಾಲೆಯಲ್ಲಿ ಗೋಡೆಗೆ ಆತು ಕೂತಿದ್ದರು. ನನ್ನನ್ನು ನೋಡಿ, ಬುತ್ತಿ ಇಸಿದುಕೊಂಡು, "ಮೊಣಕಾಲ ಹೆಂಗೈತ್ರಿ ನಿಮ್ಮ ಹುಡುಗೀದು? ಹೊಲಗಿ ಬಿಚ್ಚಿದ್ರೇನ?" ಅಂತ ಕೇಳಿದರು. ನಾನು ಇನ್ನೂ ಇಲ್ಲ ಅಂದೆ. "ನೀರ ತಾಗಸಬ್ಯಾಡ್ರಿ" ಅಂದರು. ಆ ದಿನ ನಾವು ಮಾತಾಡಿದ್ದು ಬಹುತೇಕ ಅಷ್ಟೇ. ಮುಂದಿನ ಸಲ ಮಗಳನ್ನೂ ಕರಕೊಂಡು ಹೋದೆ. ಅವರಿಬ್ಬರೂ ಮಾಳಿಗೆ ಹತ್ತಿ ಹುಡುಗನ ಸಾಮಾನು ತೆಗೆದರು. ಹೆಲ್ಮೆಟ್ ಯಾವುದು, ಕ್ಲೀಟ್ ಹಾಕುವ ಬೂಟು ಯಾಕೆ ಹಾಗಿರುತ್ತದೆ, ಚೈನಿಗೆ ಯಾವ ಎಣ್ಣೆ, ಎಲ್ಲವನ್ನೂ ನನ್ನ ಮಗಳು ಹೇಳಿದಳು. ಆ ತಾಯಿಗೆ ತನ್ನ ಮಗನ ಅರ್ಧ ಬದುಕು ಏನಿತ್ತು ಅಂತ ಒಬ್ಬರು ಬಿಡಿಸಿ ಹೇಳಬೇಕಿತ್ತು. ನಾವು ದೊಡ್ಡವರು ಯಾರೂ ಅದಕ್ಕೆ ಉಪಯೋಗವಿರಲಿಲ್ಲ.

ಮನೆಯಲ್ಲಿ ಮಾತ್ರ ಹುಡುಗಿ ಬೇರೆ. ಹತ್ತನೆಯ ಈಯತ್ತೆ, ಪರೀಕ್ಷೆ ಹತ್ತಿರ. ರಾತ್ರಿ ಎರಡು ಗಂಟೆಗೆ ಎದ್ದು ಸೈಕಲ್ ಒರೆಸುತ್ತಿದ್ದಳು. ಒಂದು ದಿನ ಭೌತಶಾಸ್ತ್ರದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಮಾಡಿದ್ದು ಕಂಡೆ. ಸೈಕಲ್ ಮೀಟರಿನಲ್ಲಿ ವೇಗ 34 ಇತ್ತು. ಗಂಟೆಗೆ 34 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಒಂಬತ್ತೂವರೆ ಮೀಟರ್. ಮುಂದಿನ ದೀಪದ ಬೆಳಕು ಹದಿನೈದು ಮೀಟರ್. ಹಾಗಾದರೆ ಅವನಿಗೆ ಸಿಕ್ಕದ್ದು ಸುಮಾರು ಒಂದೂವರೆ ಸೆಕೆಂಡು. ಕೆಳಗೆ, "ಅಷ್ಟರಲ್ಲಿ ಅವನು ಒದರಿದ" ಅಂತ ಬರೆದು ಎರಡು ಗೆರೆ ಎಳೆದಿದ್ದಳು.

ಒದರಿದ್ದು ನಿಜವಂತೆ. ಸಾಲಿನಲ್ಲಿ ಮುಂದಿದ್ದವನು ರಸ್ತೆಯ ತಗ್ಗು, ಕಲ್ಲು, ಗಾಡಿಯನ್ನು ಹಿಂದಿನವರಿಗೆ ಕೂಗಿ ಹೇಳಬೇಕು, ಅದು ಈ ಆಟದ ನೇಮ. ಅವನು "ಗಾಡಿ" ಅಂತ ಒದರಿದ. ಆ ಒಂದು ಕೂಗಿನಿಂದ ಮೂರನೆಯವನೂ ನನ್ನ ಮಗಳೂ ಹೊಲಕ್ಕೆ ತಿರುಗಿದರು. ಹೇಳಿಕೆ ಬರೆದುಕೊಳ್ಳಲು ಮಹಿಳಾ ಪೊಲೀಸ್ ಅಧಿಕಾರಿ ನಮ್ಮ ಮನೆಗೇ ಬಂದಿದ್ದರು. ಹೆಣ್ಣುಮಕ್ಕಳನ್ನು, ಹದಿನೈದರೊಳಗಿನ ಹುಡುಗರನ್ನು ಹೇಳಿಕೆಗೆ ಠಾಣೆಗೆ ಬಾ ಅಂತ ಕರೆಯುವಂತಿಲ್ಲ, ಮನೆಗೇ ಬರಬೇಕು. ಇವಳು ಎಲ್ಲವನ್ನೂ ಗಣಿತದ ಹಾಗೆ ಹೇಳಿದಳು. ಆ ಕೂಗಿನ ಮಾತು ಬಂದಾಗ ಮಾತ್ರ ನಿಂತಳು. ಆಕೆ ಪೆನ್ನು ಮುಚ್ಚಿಟ್ಟು ಚಹಾ ಕೇಳಿದರು. ಚಹಾ ಬೇಕಾಗಿ ಕೇಳಿದ್ದಲ್ಲ ಅಂತ ನನಗೆ ತಿಳಿಯಿತು.

ನಿದ್ದೆ ಇಲ್ಲದ ರಾತ್ರಿಗಳು ನಿಲ್ಲದಿದ್ದಾಗ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿದೆ. 2022ರಲ್ಲಿ ಸುರುವಾದ ಸರಕಾರಿ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹುಡುಗಿ ಊಟ ಮಾಡುತ್ತಾಳಾ, ಮಲಗುತ್ತಾಳಾ, ಗೆಳತಿಯರ ಜೊತೆ ಮಾತಾಡುತ್ತಾಳಾ ಅಂತ ಮೊದಲು ಕೇಳಿದರು. ಅತ್ತುಬಿಡು ಅಂತ ಒತ್ತಾಯ ಮಾಡಬೇಡಿ, ತಂಡದ ಮಕ್ಕಳನ್ನು ಬೇರೆ ಬೇರೆ ಮಾಡಬೇಡಿ ಅಂದರು. ಎರಡನೆಯ ಮಾತು ನಮ್ಮ ಪಾಲಕರ ಗುಂಪಿಗೆ ಮುಟ್ಟಿಸುವುದೇ ಕಷ್ಟವಾಯಿತು. ಯಾಕೆಂದರೆ ಅಷ್ಟರಲ್ಲಿ ನಾವೇ ಒಡೆದಿದ್ದೆವು.

ಒಂದು ರವಿವಾರ ಎಲ್ಲರೂ ಕೂಡಿದ್ದೆವು, ಮುಂದೇನು ಅಂತ. ಹತ್ತು ನಿಮಿಷದಲ್ಲಿ ಜಗಳ. ದೀಪ ಸಣ್ಣದಿತ್ತು, ಕೋಚ್ ಹಿಂದೆ ಬೈಕಿನಲ್ಲಿ ಯಾಕೆ ಇರಲಿಲ್ಲ, ಯಾರು ಬೇಗ ಹೊರಡಿಸಿದರು, ಯಾವ ಹುಡುಗ ವೇಗ ಏರಿಸಿದ. ಕೋಚ್ ಮೂಲೆಯಲ್ಲಿ ನಿಂತು ಕೇಳಿದರು. ಅವರೂ ಒಂದು ಕಾಲಕ್ಕೆ ರಾಜ್ಯಕ್ಕೆ ಆಡಿದವರು, ಸಂಬಳವಿಲ್ಲದೆ ಕಲಿಸುವವರು. ಅಂದು ಅವರ ಬೈಕ್ ಸುರುವಾಗದೆ ಹಿಂದೆ ಉಳಿದಿದ್ದರು. ಅವರ ಮೇಲೆ ನನಗೆ ಸಿಟ್ಟೇ ಇಲ್ಲ ಅಂತ ಹೇಳಲಾರೆ. ಆದರೆ ಆ ಕೋಣೆಯಲ್ಲಿ ನಡೆದದ್ದು ವಿಚಾರಣೆಯಲ್ಲ, ದುಃಖಕ್ಕೆ ಒಂದು ಮೈ ಬೇಕಾಗಿತ್ತು, ಅವರ ಮೈ ಸಿಕ್ಕಿತು. ಇಬ್ಬರು ಪಾಲಕರು ಅಂದೇ ಮಕ್ಕಳನ್ನು ಬಿಡಿಸಿದರು. ಒಬ್ಬ ಹುಡುಗಿಯ ಸೈಕಲ್ ವಾರದೊಳಗೆ ಮಾರಾಟವಾಯಿತು. ಆ ಹುಡುಗಿ ಚಲೋ ಹತ್ತುತ್ತಿದ್ದಳು, ಸ್ಪರ್ಧೆಯಲ್ಲಿ ಕೊನೆಯ ಕಿಲೋಮೀಟರಿನಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ.

ಸ್ಮಾರಕದ ಮಾತೂ ಬಂತು. ಒಬ್ಬರು ವೃತ್ತಕ್ಕೆ ಹೆಸರಿಡೋಣ ಅಂದರು, ಒಬ್ಬರು ಮೂರ್ತಿ, ಒಬ್ಬರು ವರ್ಷಕ್ಕೊಂದು ಶರ್ಯತ್ತು. ಪುಣೆಯಲ್ಲಿ ಓದುವ ಒಬ್ಬ ಹುಡುಗ, ಸೈಕಲ್ ಸವಾರ ಸತ್ತ ಜಾಗದಲ್ಲಿ ಬಿಳಿ ಬಣ್ಣ ಬಳಿದ ಸೈಕಲ್ ನಿಲ್ಲಿಸುವ ರೂಢಿ ಹೊರದೇಶದಲ್ಲಿದೆ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 2003ರಲ್ಲಿ ಸುರುವಾದದ್ದು ಎಷ್ಟೋ ದೇಶಕ್ಕೆ ಹಬ್ಬಿದೆ ಅಂದ. ಒಬ್ಬ ಹಿರಿಯರು ಸಿದ್ಧೇಶ್ವರ ಅಪ್ಪಾರನ್ನು ನೆನೆಸಿದರು. ನನ್ನ ದೇಹ ಸುಡಿ, ಬೂದಿ ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ ಅಂತ ಅಪ್ಪಾರು ಮೊದಲೇ ಬರೆದಿಟ್ಟಿದ್ದರಲ್ಲ, ಅವರಿಗೇ ಬೇಡವಾದದ್ದು ನಮಗೆ ಯಾಕೆ ಅಂದರು. ಸಭೆಗೆಲ್ಲ ಸರಿ ಅನ್ನಿಸಿತು. ಇದನ್ನು ಹುಡುಗನ ಅವ್ವನಿಗೆ ಹೇಳಿದಾಗ ಅವರು ಒಪ್ಪಲಿಲ್ಲ. "ಅಪ್ಪಾರು ಎಂಬತ್ತು ದಾಟಿದ್ರು. ಅವರನ್ನ ಕಂಡಾವ್ರು, ಕೇಳಿದಾವ್ರು ಲಕ್ಷ ಮಂದಿ ಅದಾರ. ನನ್ನ ಮಗನ್ನ ಕಂಡಾವ್ರು ಎಷ್ಟ ಮಂದಿ?" ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಬಿಳಿ ಸೈಕಲ್ಲೂ ಅವರಿಗೆ ಬೇಡ: "ಚಲೋ ಸೈಕಲ್ ಮಳ್ಯಾಗ ತುಕ್ಕ ಹಿಡಿಯಾಕ ಯಾಕ ಬಿಡ್ತೀರಿ? ಯಾರರ ಹೊಡೀಲಿ."

ಅವನ ಸೈಕಲ್ ಅಷ್ಟರಲ್ಲಿ ಠಾಣೆಯ ಹಿತ್ತಲಲ್ಲಿ ಇತ್ತು, ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷಿ ಸಾಮಾನು. ಒಂದು ವರ್ಷದ ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಕೊಂಡ ಕಾರ್ಬನ್ ಫ್ರೇಮ್. ನ್ಯಾಯಾಲಯದಿಂದ ಆದೇಶ ತಂದು ಬಿಡಿಸಿಕೊಳ್ಳುವಾಗ ನಾನೂ ಜೊತೆಗಿದ್ದೆ. ಫ್ರೇಮ್ ಸೀಳಿತ್ತು, ಹಿಂದಿನ ಗಾಲಿ ಮಾತ್ರ ಒಂದು ಕಡ್ಡಿಯೂ ಬಗ್ಗದೆ ಹಾಗೇ ಇತ್ತು. ಆ ಗಾಲಿ ಈಗ ಇನ್ನೊಬ್ಬ ಹುಡುಗನ ಸೈಕಲ್ಲಿನಲ್ಲಿ ಓಡುತ್ತಿದೆ. ಅವ್ವ ಹೇಳಿದ ಹಾಗೆ.

ಮಕ್ಕಳು ಮತ್ತೆ ರಸ್ತೆಗೆ ಇಳಿದದ್ದು ಪರೀಕ್ಷೆ ಮುಗಿದ ಮೇಲೆ. ನಮ್ಮ ಕರಾರುಗಳು ಹೀಗಿದ್ದವು: ಬೆಳಕು ಹರಿದ ಮೇಲೇ, ಹಿಂದೆ ಒಂದು ಛೋಟಾ ಹಾಥಿ ಸಾಮಾನು ಗಾಡಿ ದೀಪ ಮಿನುಗಿಸುತ್ತ ಬರಬೇಕು, ಡೀಸೆಲ್ ಖರ್ಚು ಎಲ್ಲರಿಗೂ ಸಮ. ಗಾಡಿ ಓಡಿಸುವವರು ಕೋಚ್. ಅವರು ಆಮೇಲೆ ಸೈಕಲ್ ಮುಟ್ಟಿಲ್ಲ. ಕೆಲವು ಪಾಲಕರು ಇಂದಿಗೂ ಅವರ ಜೊತೆ ಮಾತಾಡುವುದಿಲ್ಲ, ಡೀಸೆಲ್ ದುಡ್ಡು ಮಾತ್ರ ತಪ್ಪದೆ ಕಳಿಸುತ್ತಾರೆ.

ಮೊದಲ ದಿನಗಳಲ್ಲಿ ಮನೆಗೆ ಬಂದ ಹುಡುಗಿ ಹೇಳಿದ್ದು ಒಂದೇ ದೂರು: "ಭಾಳ ದಣಿವಾಗ್ತದ ಅವ್ವ." ಅಭ್ಯಾಸ ತಪ್ಪಿದೆ, ಅದಕ್ಕೇ ಅಂದುಕೊಂಡೆ. ಅದಲ್ಲ. ಸೈಕಲ್ ಸಾಲಿನಲ್ಲಿ ಮುಂದಿದ್ದವರು ಗಾಳಿ ಸೀಳುತ್ತಾರೆ, ಹಿಂದಿನವರಿಗೆ ಮೂರರಲ್ಲೊಂದು ಪಾಲು ಶ್ರಮ ಉಳಿಯುತ್ತದೆ. ಪಾಳಿಯ ಪ್ರಕಾರ ಒಬ್ಬೊಬ್ಬರೇ ಮುಂದೆ ಬರಬೇಕು. ಆ ಹುಡುಗ ತನ್ನ ಪಾಳಿ ಮುಗಿದರೂ ಹಿಂದೆ ಸರಿಯುತ್ತಿರಲಿಲ್ಲವಂತೆ, ದಿನಾ ಎಲ್ಲರಿಗಿಂತ ಹೆಚ್ಚು ಗಾಳಿ ಅವನೇ ತಿನ್ನುತ್ತಿದ್ದನಂತೆ. ಅವನ ಪಾಲಿನ ಗಾಳಿ ಈಗ ಇವರ ಎದೆಗೆ ಬಂತು. ಮನೆಯಲ್ಲಿ ಫೋಟೋಗೆ ಹಾರ ಹಾಕಿ ನಾವು ಅವನಿಲ್ಲ ಅಂದುಕೊಂಡೆವು. ಈ ಮಕ್ಕಳಿಗೆ ಅವನಿಲ್ಲದ್ದು ತೊಡೆಯಲ್ಲಿ ತಿಳಿಯುತ್ತಿತ್ತು, ಪಾಪ, ದಿನಾ ಬೆಳಿಗ್ಗೆ.

ಜೂನ್ 4ರ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಕಪ್ ಗೆದ್ದ ಖುಷಿಗೆ ಹೋದವರು, ಎಷ್ಟೋ ಜನ ಎಳೆಯರು. ಮಗಳು ಟಿ.ವಿ. ಆರಿಸಿ ಒಳಗೆ ಹೋದಳು. ರಾತ್ರಿ ಹುಡುಗನ ಅವ್ವನ ಫೋನ್ ಬಂತು, ಅವರಾಗಿಯೇ ಮಾಡಿದ್ದು ಅದೇ ಮೊದಲು. "ಹನ್ನೊಂದ ಮನ್ಯಾಗ ಇವತ್ತ ಒಲಿ ಹಚ್ಚಂಗಿಲ್ಲ ನೋಡ್ರಿ ಅಕ್ಕಾರ" ಅಂದರು. ಆಮೇಲೆ ಸುಮ್ಮನಾದರು. ಆಮೇಲೆ, "ಆ ತಾಯಂದ್ರ ಮುಂದ ಕ್ಯಾಮೆರಾ ಹಿಡೀಬಾರ್ದು" ಅಂದರು.

ರೇಡಿಯಂ ಪಟ್ಟಿಯ ಕೆಲಸ ಸುರುವಾದದ್ದು ಆ ಫೋನಿನ ಮೇಲೇ ಅನ್ನಬಹುದು. ನಮ್ಮಿಂದ ರಸ್ತೆ ಅಗಲ ಮಾಡಲು ಆಗುವುದಿಲ್ಲ, ಹಂಗಾಮು ನಿಲ್ಲಿಸಲು ಆಗುವುದಿಲ್ಲ. ಟ್ರೇಲರ್ ಕಾಣುವ ಹಾಗೆ ಮಾಡಬಹುದು. ನೇಮದ ಪ್ರಕಾರ ಗಾಡಿಯ ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ಪಟ್ಟಿ ಇರಬೇಕು. ನಾವು ಹಿಂದಿನದಕ್ಕೆ ಮೊದಲು ಕೈ ಹಾಕಿದೆವು. ಹಂಗಾಮು ಮತ್ತೆ ಸುರುವಾದಾಗ ರಾತ್ರಿ ಊಟ ಮುಗಿಸಿ ಕಾರ್ಖಾನೆಯ ಅಂಗಳಕ್ಕೆ ಹೋದೆವು. ನೂರಾರು ಟ್ರ್ಯಾಕ್ಟರ್, ಕಬ್ಬಿನ ಮಡ್ಡಿಯ ವಾಸನೆ, ಚಳಿಗೆ ಕಬ್ಬಿನ ರವದಿ ಸುಟ್ಟು ಕಾಯಿಸಿಕೊಳ್ಳುವ ಡ್ರೈವರ್‌ಗಳು, ಹೆಚ್ಚಿನವರು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರು.

ಪಟ್ಟಿ ಅಂಟಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಟ್ರೇಲರಿನ ಹಿಂಬದಿಯ ಮೇಲೆ ಧೂಳು, ಗ್ರೀಸ್, ಒಣಗಿದ ಮಣ್ಣು. ಬರೀ ಅರಿವೆಯಿಂದ ಒರೆಸಿದರೆ ಎರಡೇ ದಿನಕ್ಕೆ ಪಟ್ಟಿ ಎದ್ದುಬರುತ್ತದೆ. ಮೊದಲು ತಂತಿ ಬ್ರಷ್‌ನಿಂದ ಕೆರೆಯಬೇಕು, ಥಿನ್ನರ್‌ನಲ್ಲಿ ಅದ್ದಿದ ಅರಿವೆಯಿಂದ ಒರೆಸಬೇಕು, ಒಣಗಲು ಬಿಟ್ಟು ಹೆಬ್ಬೆರಳಿನಿಂದ ಒತ್ತುತ್ತ ಹೋಗಬೇಕು. ಕಬ್ಬು ಇಳಿಬಿದ್ದು ಮುಚ್ಚಬಾರದು, ಅದಕ್ಕೆ ಆದಷ್ಟು ಕೆಳಗೆ ಹಚ್ಚಬೇಕು. ಇದನ್ನು ಸರಿಯಾಗಿ ಕಂಡುಹಿಡಿದವರು ಹುಡುಗನ ಅಪ್ಪ. ಅವರು ಬರುತ್ತಾರೆ ಅಂತ ನಾವು ಕರೆದೇ ಇರಲಿಲ್ಲ, ತಾವೇ ಬಂದರು. ಒಬ್ಬ ಡ್ರೈವರ್ ಬೀಡಿ ಹಚ್ಚಿಕೊಂಡು ಬಂದು, "ಯಾರ್ರೀ ನೀವು, ಆರ್‌ಟಿಓದವ್ರೇನು? ದಂಡ ಹಾಕ್ತೀರೇನು?" ಅಂತ ಕೇಳಿದ. ಅಪ್ಪ ತಲೆ ಎತ್ತದೆ, "ಇಲ್ಲೋ ತಮ್ಮಾ. ಬೀಡಿ ಆ ಕಡೆ ಹಿಡಿ, ಇದು ಥಿನ್ನರ್ ಐತಿ" ಅಂದರು. ತಾವು ಯಾರು ಅಂತ ಹೇಳಲಿಲ್ಲ. ಹುಡುಗ ಬೀಡಿ ಆರಿಸಿ ಬಂದು ಇನ್ನೊಂದು ಟ್ರೇಲರ್ ಕೆರೆಯಲು ಕೂತ.

ಅಂದು ಅಥಣಿ ರಸ್ತೆಯಲ್ಲಿ ನಿಂತಿದ್ದ ಟ್ರೇಲರಿನ ಡ್ರೈವರ್ ಮೇಲೆ ಭಾರತೀಯ ನ್ಯಾಯ ಸಂಹಿತೆಯ 106(1)ರಡಿ, ನಿರ್ಲಕ್ಷ್ಯದಿಂದ ಸಾವು ಅಂತ ಪ್ರಕರಣವಿದೆ, ಗರಿಷ್ಠ ಐದು ವರ್ಷ ಶಿಕ್ಷೆ. ಅವನೂ ಎಳೆಯ ಹುಡುಗ, ಓಡಿಹೋಗಿರಲಿಲ್ಲ, ಗಾಲಿ ಮಾಡಿಸಿಕೊಂಡು ಬಂದಾಗ ಪೊಲೀಸರನ್ನು ಕಂಡು ಅಲ್ಲೇ ಕೂತಿದ್ದ. ಅವನ ಅಪ್ಪ ಹಿರಿಯರನ್ನು ಕಟ್ಟಿಕೊಂಡು ರಾಜಿಗೆ ಬಂದಿದ್ದರಂತೆ. ಹುಡುಗನ ಅಪ್ಪ, "ಕೇಸ್ ಕೋರ್ಟಿನ್ಯಾಗ ಐತಿ, ನಾ ಏನ್ ಹೇಳಾವಲ್ಲ. ನೀರ ಕುಡದ ಹೋಗ್ರಿ" ಅಂದು ತಂಬಿಗೆ ಕೊಟ್ಟು ಕಳಿಸಿದರು. ಪರಿಹಾರದ ಅರ್ಜಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಆರು ತಿಂಗಳ ಗಡುವು ಇದೆ, ಬಹಳ ಮನೆಗಳಲ್ಲಿ ದುಃಖದಲ್ಲೇ ಅದು ದಾಟಿಹೋಗುತ್ತದೆ. ನಾವು ನಾಲ್ಕು ಮಂದಿ ಬೆನ್ನು ಹತ್ತಿ ಅರ್ಜಿ ಹಾಕಿಸಿದೆವು. ತಾರೀಖಿನ ಮೇಲೆ ತಾರೀಖು ಬೀಳುತ್ತಿದೆ. ಒಂದೊಂದು ತಾರೀಖಿಗೂ ತಂಡದ ಯಾರಾದರೊಬ್ಬ ಪಾಲಕರು ಅವರ ಜೊತೆ ಕೋರ್ಟಿನ ಕಟ್ಟೆಯ ಮೇಲೆ ಕೂತಿರುತ್ತಾರೆ.

ಕೆಂಪು ಪಟ್ಟಿ ಮುಗಿಯುತ್ತ ಬಂದಿದೆ. ಇಲ್ಲಿಗಿಂತ ಸೊಲ್ಲಾಪುರದಲ್ಲಿ ಅಗ್ಗ ಅಂತ ಹಾಲಿನ ಗಾಡಿಯವನು ಹೇಳಿದ್ದಾನೆ, ಅವನೂ ಈಗ ರಾತ್ರಿ ಬರುತ್ತಾನೆ. ತರಲು ಹೋಗುವವರು ಯಾರು ಅಂತ ಇನ್ನೂ ತೀರ್ಮಾನವಾಗಿಲ್ಲ. ಕೋಚ್ ಹೋಗುತ್ತೇನೆ ಅಂದಿದ್ದಾರೆ, ಅವರ ಕೈಗೆ ದುಡ್ಡು ಕೊಡಲು ಇಬ್ಬರು ಒಪ್ಪುತ್ತಿಲ್ಲ.